ಮೈಯಿಂದಲೇ ನೀರು ಕುಡಿಯುವ ಜೀವ

ಮಳೆ ಕೈಕೊಟ್ಟ ವರ್ಷ ಬಯಲುಸೀಮೆಯ ಊರುಗಳಲ್ಲಿ ಕಪ್ಪೆ ಮದುವೆ ಮಾಡಿ ಮಳೆರಾಯನನ್ನು ಬೇಡುವುದುಂಟು. ಮಳೆ ಹಿಡಿಯಿತೆಂದರೆ ಚನ್ನಗಿರಿಯ ಸೂಳೆಕೆರೆ ಅಂಚಿನಿಂದ ಹೊನ್ನಾಳಿ, ನ್ಯಾಮತಿಯ ಗದ್ದೆಗಳವರೆಗೆ ರಾತ್ರಿಯಿಡೀ ವಟವಟ. ಆ ಕಪ್ಪೆಗಳು ಇರಬೇಕಾದ್ದು ಅಲ್ಲೇ. ಹಿಡಿದು ತಂದು ಸಾಕುವುದು ಬೇಡ. ಆದರೆ ಈಗ ದೊಡ್ಡ ನಗರಗಳ ಅಕ್ವೇರಿಯಂ ಅಂಗಡಿಗಳಲ್ಲಿ ಹೊರದೇಶದ ಕಪ್ಪೆಗಳೂ ಸಿಗುತ್ತವೆ. ಮಕ್ಕಳು ಹಟ ಹಿಡಿದು ತಂದ ಜೀವ ನಾಲ್ಕೇ ದಿನಕ್ಕೆ ಮಂಕಾದರೆ ಏನು ಮಾಡಬೇಕು?

ಮೊದಲು ಅದರ ಮೈಯನ್ನು ಅರಿಯಬೇಕು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆ, ತೊಡೆಯ ತೆಳುಚರ್ಮದಿಂದ ಹೀರಿಕೊಳ್ಳುತ್ತದೆ. ಉಸಿರಾಟದಲ್ಲೂ ಚರ್ಮಕ್ಕೆ ಪಾಲಿದೆ. ನಮ್ಮ ಕೈಯ ಸೋಪು, ನಲ್ಲಿಯ ಕ್ಲೋರಿನ್, ಕೊಳೆತ ನೀರು ಎಲ್ಲವೂ ನೇರ ಒಳಗೇ ಇಳಿಯುತ್ತವೆ.

ಕಾಯಿಲೆಯ ಗುರುತು

ಹೊಸ ಜಾಗದಲ್ಲಿ ಒಂದೆರಡು ದಿನ ಮೇವು ಮುಟ್ಟದಿದ್ದರೆ ಗಾಬರಿ ಬೇಡ. ಆದರೆ ಹೊಟ್ಟೆ, ತೊಡೆಯಡಿ ಕೆಂಪೇರುವುದು, ಮೈ ಊದುವುದು, ಕಣ್ಣು ಮಸುಕಾಗುವುದು, ಚರ್ಮ ಮೇಲಿಂದ ಮೇಲೆ ಚೂರುಚೂರಾಗಿ ಕಳಚುವುದು, ಮಗುಚಿ ಬಿದ್ದರೆ ತಿರುಗಿಕೊಳ್ಳಲಾಗದಿರುವುದು ಅಪಾಯದ ಸೂಚನೆ. ತೊಡೆ ಕೆಂಪಾಗುವುದು ಹಲವು ಸಲ ರಕ್ತಕ್ಕೇ ಸೋಂಕು ಹತ್ತಿದ ಲಕ್ಷಣ.

ಕೂಡಲೇ ಮಾಡಬೇಕಾದ್ದು

ರೋಗಿಯನ್ನು ಬೇರೆ ಡಬ್ಬಿಗೆ ಹಾಕಿ, ಒದ್ದೆ ಪೇಪರ್ ಟವೆಲ್ ಹಾಸಿ, ನೆರಳಲ್ಲಿಡಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಿ ಬಳಸಿ. ಫ್ಲೋರೈಡ್ ಕಾಟವಿರುವ ಜಗಳೂರು ಕಡೆಯ ಕೊಳವೆಬಾವಿ ನೀರಿಗಿಂತ ಬಾಟಲಿಯ ಕುಡಿಯುವ ನೀರು ವಾಸಿ. ಅರಿಸಿನ, ಡೆಟಾಲ್, ಮನೆಯಲ್ಲಿ ಉಳಿದ ಮುಲಾಮು ಯಾವುದನ್ನೂ ಹಚ್ಚಬೇಡಿ. ಮುಟ್ಟಲೇಬೇಕಾದರೆ ಪುಡಿಯಿಲ್ಲದ ಗ್ಲೌಸ್ ತೊಳೆದು, ಒದ್ದೆ ಮಾಡಿಕೊಂಡು ಮುಟ್ಟಿ. ಕಪ್ಪೆಯ ಮೈಮೇಲಿರಬಹುದಾದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಮನುಷ್ಯರಿಗೂ ಹರಡುವುದರಿಂದ ಆಮೇಲೆ ಕೈ ತೊಳೆಯಿರಿ.

ತಾಲ್ಲೂಕು ಪಶು ಆಸ್ಪತ್ರೆಯವರ ಕೈ ಪಳಗಿರುವುದು ದನ, ಎಮ್ಮೆ, ಕುರಿಗಳಲ್ಲಿ. ಅವರ ಸಲಹೆ ಪಡೆದು, ಅಗತ್ಯಬಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಹೋಗುವಾಗ ಕಪ್ಪೆಯಿದ್ದ ತೊಟ್ಟಿಯ ಫೋಟೊ, ಅದರ ನೀರಿನ ಮಾದರಿ ಜೊತೆಗಿರಲಿ.

ಕೆರೆಗೆ ಬಿಡಬೇಡಿ

‘ಪಾಪ, ಕೆರೆಗೆ ಬಿಟ್ಟರೆ ಬದುಕೀತು’ ಎಂಬ ಕರುಣೆಯೇ ಎಲ್ಲಕ್ಕಿಂತ ದೊಡ್ಡ ಅಪಾಯ. ಅಂಗಡಿಯ ಕಪ್ಪೆ ಹೊತ್ತು ತಂದಿರಬಹುದಾದ ಕೈಟ್ರಿಡ್ ಎಂಬ ಶಿಲೀಂಧ್ರ ಕೆರೆಯ ಕಪ್ಪೆಗಳ ಚರ್ಮಕ್ಕೂ ಹತ್ತಿ, ಲವಣಗಳ ಸಮತೋಲ ತಪ್ಪಿಸಿ, ಕೊನೆಗೆ ಹೃದಯವನ್ನೇ ನಿಲ್ಲಿಸುತ್ತದೆ. ಜಗತ್ತಿನಲ್ಲಿ ಕನಿಷ್ಠ 501 ಉಭಯಚರ ಪ್ರಭೇದಗಳು ಇದರಿಂದ ಕುಗ್ಗಿವೆ, ಅವುಗಳಲ್ಲಿ 90 ಅಳಿದಿರಬಹುದು ಎಂದು 2019ರ ಅಧ್ಯಯನ ಹೇಳಿತು. ಪ್ರಾಣಿ ವ್ಯಾಪಾರವೂ ಇದನ್ನು ದೇಶದಿಂದ ದೇಶಕ್ಕೆ ಹರಡಿದೆ.

ಆದ್ದರಿಂದ ಹೊಸದಾಗಿ ಬಂದ ಕಪ್ಪೆಯನ್ನು ಕನಿಷ್ಠ ಒಂದು ತಿಂಗಳು ಪ್ರತ್ಯೇಕವಾಗಿಡಿ. ಅದು ಸತ್ತರೂ ಹಳ್ಳ, ಕಾಲುವೆಗೆ ಎಸೆಯಬೇಡಿ. ತೊಟ್ಟಿಯ ನೀರಿಗೆ ಬ್ಲೀಚಿಂಗ್ ಪುಡಿ ಬೆರೆಸಿಟ್ಟು, ಆಮೇಲೆ ಶೌಚಾಲಯಕ್ಕೆ ಚೆಲ್ಲಿ. ಹಾಗೆ ಮಾಡಿದರೆ ನಮ್ಮ ಮನೆಯ ಕಾಯಿಲೆ, ಮುಂದಿನ ಮಳೆಗೆ ಸೂಳೆಕೆರೆಯಂಚಿನಲ್ಲಿ ವಟಗುಟ್ಟಬೇಕಾದ ಕಪ್ಪೆಗಳ ಮೈ ಮುಟ್ಟದು.