ಮಿದುಳಿನ ಸಮತೋಲ

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಎಣ್ಣೆನೀರಿನ ಸ್ನಾನವೆಂದರೆ ಒಂದು ಸಣ್ಣ ಹಬ್ಬವೇ ಸರಿ. ಬಚ್ಚಲುಮನೆಯ ಹಂಡೆಯಲ್ಲಿ ನೀರು ಚೆನ್ನಾಗಿ ಕಾದ ಮೇಲೆ ಮಕ್ಕಳನ್ನು ಕೂರಿಸಿ, ತಂಬಿಗೆಯಿಂದ ಒಂದೇ ಸಮನೆ ತಲೆಯ ಮೇಲೆ ನೀರು ಹೊಯ್ಯುವುದು ಹಿಂದಿನಿಂದ ಬಂದ ವಾಡಿಕೆ. ಹೀಗೆ ಹೊಯ್ಯುತ್ತಿರುವಾಗ ಯಾವುದೋ ಒಂದು ಮನೆಯಲ್ಲಿ ಮಗುವಿನ ನೋಟ ಇದ್ದಕ್ಕಿದ್ದಂತೆ ಒಂದೆಡೆ ನಟ್ಟು ನಿಲ್ಲುತ್ತದೆ, ಕರೆದರೆ ಮಗು ಓಗೊಡುವುದಿಲ್ಲ, ಅರ್ಥವಿಲ್ಲದ ಮಾತುಗಳನ್ನಾಡುತ್ತದೆ, ಕೆಲವೊಮ್ಮೆ ಅದರ ಕೈಕಾಲುಗಳು ಸೆಟೆದು ಅದುರತೊಡಗುತ್ತವೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ. ಮನೆಯವರಲ್ಲಿ ಒಬ್ಬರು ಗಾಳಿ ಸೋಕಿತೆನ್ನುವರು, ಇನ್ನೊಬ್ಬರು ದೃಷ್ಟಿ ತಾಗಿತೆನ್ನುವರು. ಮುಂದಿನ ವಾರ ತಲೆಗೆ ನೀರು ಹೊಯ್ದಾಗ ಮತ್ತೆ ಹಾಗೆಯೇ ಆಗುತ್ತದೆ.

ವೈದ್ಯರು ಇದನ್ನು ಬಿಸಿನೀರಿನ ಮೂರ್ಛೆ ಎಂದು ಕರೆಯುವರು. 1945ರಲ್ಲಿ ನ್ಯೂಜಿಲೆಂಡಿನಿಂದ ಇದರ ವರದಿ ಬಂದಿತು. ಜಗತ್ತಿನ ಬಹುಭಾಗದಲ್ಲಿ ಅಪರೂಪವೆನಿಸಿರುವ ಈ ರೋಗ ದಕ್ಷಿಣ ಕರ್ನಾಟಕದಲ್ಲಿ ಅಷ್ಟು ಅಪರೂಪವಲ್ಲ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ಡಾಕ್ಟರ್ ಪಿ. ಸತೀಶ್ಚಂದ್ರ ಅವರೂ ಸಂಗಡಿಗರೂ 1988ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿಯೇ ಇಂತಹ 279 ರೋಗಿಗಳ ವಿವರಗಳಿವೆ.

ಬಿಸಿನೀರು ಬಿದ್ದದ್ದು ತಲೆಯ ಹೊರಗೆ. ತಲೆಬುರುಡೆಯೊಳಗೆ ಭದ್ರವಾಗಿರುವ ಮಿದುಳಿನ ಕೆಲಸ ಅದರಿಂದ ಕೆಡುವುದೇಕೆ? ಒಂದೇ ಹಂಡೆಯ ನೀರನ್ನು ಮಿಂದ ಅಣ್ಣನಿಗೆ ಏನೂ ಆಗದೆ ತಮ್ಮನಿಗೆ ಮಾತ್ರ ಹೀಗಾಗುವುದೇಕೆ? ಇದಕ್ಕೆ ಉತ್ತರ ಬೇಕಾದರೆ, ಆರೋಗ್ಯವಂತನ ಮಿದುಳು ಯಾವ ಬಗೆಯ ಸಮತೋಲದಲ್ಲಿ ನಿಂತಿದೆ ಎಂಬುದನ್ನು ನಾವು ಮೊದಲು ತಿಳಿಯಬೇಕು.

ಮನುಷ್ಯನ ಮಿದುಳಿನ ತೂಕ ಸುಮಾರು 1.4 ಕಿಲೋಗ್ರಾಂ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಪ್ರತಿಯೊಂದು ನರಕೋಶವನ್ನೂ ಒಂದು ಪುಟ್ಟ ವಿದ್ಯುತ್ಕೋಶವೆಂದು ಭಾವಿಸಬಹುದು. ಅದನ್ನು ಸುತ್ತಿರುವ ಪೊರೆಯ ಹೊರಗಡೆ ಸೋಡಿಯಂ ಅಯಾನುಗಳು ಹೆಚ್ಚು, ಒಳಗಡೆ ಪೊಟಾಸಿಯಂ ಅಯಾನುಗಳು ಹೆಚ್ಚು. ಈ ವ್ಯತ್ಯಾಸದ ಫಲವಾಗಿ ಪೊರೆಯ ಒಳಮೈ ಹೊರಮೈಗಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಟಾರ್ಚಿನ ಒಂದು ಕೋಶ 1.5 ವೋಲ್ಟ್ ಕೊಡುವುದನ್ನು ಬಲ್ಲ ವಿದ್ಯಾರ್ಥಿಗಳಿಗೆ ಇದು ಅತ್ಯಲ್ಪವೆಂದು ತೋರಬಹುದು. ಆದರೆ ಪೊರೆಯ ದಪ್ಪವಾದರೂ ಎಷ್ಟು? ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ ಏಳು ಭಾಗದಷ್ಟು ಮಾತ್ರ. ವಿಭವಾಂತರವನ್ನು ಈ ದಪ್ಪದಿಂದ ಭಾಗಿಸಿದರೆ, ಪೊರೆಯೊಳಗಿನ ವಿದ್ಯುತ್‌ಕ್ಷೇತ್ರ ಮೀಟರಿಗೆ ಸುಮಾರು ಒಂದು ಕೋಟಿ ವೋಲ್ಟ್ ಎಂದು ಬರುತ್ತದೆ. ಒಣಗಾಳಿಯಲ್ಲಿ ಮೀಟರಿಗೆ ಸುಮಾರು 30 ಲಕ್ಷ ವೋಲ್ಟಾದರೆ ಸಾಕು, ಕಿಡಿ ಹಾರುವುದು. ಅದಕ್ಕೂ ಮೂರು ಪಟ್ಟು ಬಲವಾದ ಕ್ಷೇತ್ರವನ್ನು ನಮ್ಮ ನರಕೋಶಗಳು ಹಗಲಿರುಳೂ ತಾಳಿಕೊಂಡಿರುತ್ತವೆ.

ನರಕೋಶ ಪ್ರಚೋದನೆಗೊಂಡಾಗ ಪೊರೆಯಲ್ಲಿರುವ ಅತಿ ಸಣ್ಣ ಬಾಗಿಲುಗಳು ತೆರೆದು ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ. ಸೆಕೆಂಡಿನ ಸಾವಿರದ ಒಂದಂಶದಷ್ಟು ಕಾಲದಲ್ಲಿ ಋಣವಾಗಿದ್ದ ಒಳಮೈ ಧನವಾಗುತ್ತದೆ. ಬಳಿಕ ಪೊಟಾಸಿಯಂ ಹೊರಹರಿದು ಮೊದಲಿನ ಸ್ಥಿತಿ ಮರಳುತ್ತದೆ. ಈ ಮಿಡಿತವೇ ನರಸಂದೇಶ. ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಇಂಗ್ಲಿಷ್ ವಿಜ್ಞಾನಿಗಳು, ನಮ್ಮ ಕರಾವಳಿಯವರು ಬೊಂಡಾಸ್ ಎಂದು ಕರೆಯುವ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪನಾದ ನರತಂತುವಿನ ಮೇಲೆ ಪ್ರಯೋಗ ಮಾಡಿ, ಈ ಕ್ರಮವನ್ನು 1952ರಲ್ಲಿ ಸಮೀಕರಣಗಳ ರೂಪದಲ್ಲಿ ಬರೆದು ತೋರಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವೆ ಕಿರಿದಾದ ಸಂದು ಇರುತ್ತದೆ. ಆ ಸಂದನ್ನು ದಾಟಿ ಸಂದೇಶವನ್ನು ಮುಟ್ಟಿಸುವ ದೂತರು ಕೆಲವು ರಾಸಾಯನಿಕಗಳು. ಇವರಲ್ಲಿ ಎರಡು ಪಕ್ಷ. ಗ್ಲುಟಮೇಟ್ ಎಂಬುದು ಎದುರಿನ ಕೋಶವನ್ನು ‘ಏಳು, ಮಿಡಿ’ ಎಂದು ಪ್ರಚೋದಿಸುತ್ತದೆ. ಗಾಮಾ ಅಮೈನೋ ಬ್ಯುಟಿರಿಕ್ ಆಮ್ಲ, ಚಿಕ್ಕದಾಗಿ ಗಾಬಾ, ‘ತಡೆ, ಸುಮ್ಮನಿರು’ ಎನ್ನುತ್ತದೆ. ಗಾಬಾ ಮಿದುಳಿನಲ್ಲಿ ಹೇರಳವಾಗಿದೆಯೆಂಬ ಸಂಗತಿ ಬೆಳಕಿಗೆ ಬಂದುದು 1950ರಲ್ಲಿ. ಮಿದುಳಿನ ಹೊರಪದರದ ಪ್ರತಿ ಐದು ನರಕೋಶಗಳಲ್ಲಿ ಸುಮಾರು ನಾಲ್ಕು ಪ್ರಚೋದಕಗಳಾದರೆ ಒಂದು ನಿರೋಧಕ. ಆ ಒಂದು ಉಳಿದ ನಾಲ್ಕನ್ನು ಹದ್ದಿನಲ್ಲಿಡುತ್ತದೆ.

ಇಲ್ಲಿ ಒಂದು ಸೋಜಿಗವಿದೆ. ತಡೆಯುವ ಗಾಬಾ ಹುಟ್ಟುವುದು ಪ್ರಚೋದಿಸುವ ಗ್ಲುಟಮೇಟಿನಿಂದಲೇ. ಒಂದು ಕಿಣ್ವವು ಗ್ಲುಟಮೇಟಿನಿಂದ ಇಂಗಾಲದ ಡೈಆಕ್ಸೈಡಿನ ಒಂದು ಅಣುವನ್ನು ತೆಗೆದುಹಾಕಿದರೆ ಉಳಿಯುವುದೇ ಗಾಬಾ. ಆ ಕಿಣ್ವ ಕೆಲಸ ಮಾಡಬೇಕಾದರೆ ಬಿ6 ಎಂಬ ಜೀವಸತ್ವ ಬೇಕು. 1950ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದಲ್ಲಿ ಒಂದು ಬಗೆಯ ಡಬ್ಬಿಯ ಆಹಾರವನ್ನು ಕುಡಿಯುತ್ತಿದ್ದ ಎಳೆಗೂಸುಗಳಿಗೆ ಸೆಳವು ಬರತೊಡಗಿತು. ವಿಚಾರಿಸಿ ನೋಡಲಾಗಿ, ತಯಾರಿಕೆಯ ಕಾಲದಲ್ಲಿ ಹೆಚ್ಚು ಕಾಯಿಸಿದ್ದರಿಂದ ಆ ಆಹಾರದಲ್ಲಿದ್ದ ಬಿ6 ನಾಶವಾಗಿತ್ತು. ಬಿ6 ಕೊಟ್ಟೊಡನೆ ಸೆಳವು ನಿಂತಿತು. ಆ ಮಕ್ಕಳ ಮಿದುಳಿಗೆ ಹೊರಗಿನಿಂದ ಯಾವ ಉದ್ರೇಕವೂ ಬಂದಿರಲಿಲ್ಲ. ತಡೆಯುವ ಶಕ್ತಿ ಕುಗ್ಗಿತ್ತು, ಅಷ್ಟೆ.

ನಮ್ಮ ಕಾಡುಗಳಲ್ಲಿ ಬೆಳೆಯುವ ಕಾಸರಕದ ಮರವೂ ಇದೇ ಪಾಠವನ್ನು ಹೇಳುತ್ತದೆ. ಅದರ ಬೀಜದಲ್ಲಿ ಸ್ಟ್ರಿಕ್ನೀನ್ ಎಂಬ ಕಡುವಿಷವಿದೆ. ಬೆನ್ನುಹುರಿಯಲ್ಲಿ ಗ್ಲೈಸೀನ್ ಎಂಬ ಇನ್ನೊಂದು ನಿರೋಧಕ ದೂತನ ದಾರಿಯನ್ನು ಈ ವಿಷ ಕಟ್ಟಿಹಾಕುತ್ತದೆ. ಆಗ ಮೈಗೆ ಬೆರಳು ತಾಕಿದರೂ, ಬಾಗಿಲು ಸದ್ದಾದರೂ ಸಾಕು, ಇಡೀ ದೇಹ ಬಿಲ್ಲಿನಂತೆ ಸೆಟೆದುಕೊಳ್ಳುತ್ತದೆ. ಲಗಾಮು ಕಡಿದ ಕುದುರೆಗೆ ಚಾವಟಿ ಬೇಕಿಲ್ಲವಷ್ಟೆ.

ಮೂರ್ಛೆರೋಗವೆಂದರೆ ಇಂತಹ ಸಮತೋಲ ಆಗಾಗ ತಪ್ಪುವುದು. ಮಿದುಳಿನ ಬೂದುಭಾಗದ ಯಾವುದೋ ಎಡೆಯಲ್ಲಿ ಹಠಾತ್ತನೆ ಉಂಟಾಗುವ ಮಿತಿಮೀರಿದ ವಿಸರ್ಜನೆಯೇ ಇದಕ್ಕೆ ಕಾರಣವೆಂದು ಲಂಡನ್ನಿನ ವೈದ್ಯ ಹ್ಯೂಲಿಂಗ್ಸ್ ಜ್ಯಾಕ್ಸನ್ 1870ರ ದಶಕದಲ್ಲಿಯೇ ಹೇಳಿದ್ದರು. ಕಣ್ಣಾರೆ ಕಾಣುವ ಸಾಧನ ಅವರಲ್ಲಿರಲಿಲ್ಲ. 1929ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್, ತಲೆಯ ಚರ್ಮದ ಮೇಲೆ ವಿದ್ಯುದ್ವಾರಗಳನ್ನಿಟ್ಟು ಮಿದುಳಿನ ವಿದ್ಯುತ್ತರಂಗಗಳನ್ನು ದಾಖಲೆ ಮಾಡಿದ ವಿಧಾನವನ್ನು ಪ್ರಕಟಿಸಿದರು. ಈ ತರಂಗಗಳು ವೋಲ್ಟಿನ ಹತ್ತು ಲಕ್ಷದ ಕೆಲವು ಹತ್ತು ಅಂಶಗಳಷ್ಟು ಮಾತ್ರ. ಏಕೆಂದರೆ ಕೋಟಿಗಟ್ಟಲೆ ನರಕೋಶಗಳು ತಮ್ಮ ತಮ್ಮ ಕೆಲಸಕ್ಕೆ ತಕ್ಕಂತೆ ಬೇರೆ ಬೇರೆ ಕ್ಷಣಗಳಲ್ಲಿ ಮಿಡಿಯುತ್ತವೆ. ಒಂದರ ಏರಿಕೆಯನ್ನು ಮತ್ತೊಂದರ ಇಳಿಕೆ ಅಳಿಸುತ್ತದೆ. ಜಾತ್ರೆಯಲ್ಲಿ ಸಾವಿರ ಜನ ತಮ್ಮ ಪಾಡಿಗೆ ಮಾತಾಡುತ್ತಿದ್ದರೆ ದೂರದವರಿಗೆ ಕೇಳುವುದು ಬರಿಯ ಗುಜುಗುಜು. ಅದೇ ಸಾವಿರ ಜನ ತೇರು ಎಳೆಯುವಾಗ ಒಮ್ಮೆಗೇ ಕೂಗಿದರೆ ಊರಾಚೆಗೂ ಕೇಳುತ್ತದೆ. ಮೂರ್ಛೆಯ ಸಮಯದಲ್ಲಿ ಮಿದುಳಿನಲ್ಲಿ ಇಂತಹುದೇ ಸಾಮೂಹಿಕ ಕೂಗು ಏಳುತ್ತದೆ. ತರಂಗಗಳು ಎತ್ತರವೂ ಮೊನಚೂ ಆಗುತ್ತವೆ. ಕೂಗು ದೊಡ್ಡದಾದರೂ ಅದರಲ್ಲಿ ಮಾತಿಲ್ಲ. ಆದುದರಿಂದಲೇ ಆ ಹೊತ್ತಿನಲ್ಲಿ ರೋಗಿಗೆ ಅರಿವು ತಪ್ಪುವುದು.

ಈಗ ಹಂಡೆಯ ನೀರಿಗೆ ಮರಳೋಣ. ಇಂತಹ ರೋಗಿಗಳು ಮೀಯುವ ನೀರಿನ ಉಷ್ಣತೆ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರುವುದೆಂದು ಕಂಡುಬಂದಿದೆ. ನಮ್ಮ ದೇಹದ ಉಷ್ಣತೆ 37 ಡಿಗ್ರಿ. 47 ಡಿಗ್ರಿಯ ಒಂದು ಲೀಟರ್ ನೀರು 37 ಡಿಗ್ರಿಗೆ ಇಳಿಯಬೇಕಾದರೆ 10 ಕಿಲೋಕ್ಯಾಲೊರಿ ಶಾಖವನ್ನು ಬಿಟ್ಟುಕೊಡಬೇಕು. ಅಷ್ಟು ಶಾಖವೂ 1.4 ಕಿಲೋಗ್ರಾಂ ತೂಕದ ಮಿದುಳಿಗೇ ಸೇರುವುದಾದರೆ ಅದರ ಉಷ್ಣತೆ ಏಳು ಡಿಗ್ರಿಗೂ ಮಿಕ್ಕಿ ಏರಬೇಕಾಗುತ್ತದೆ! ನಿಜದಲ್ಲಿ ಹಾಗಾಗುವುದಿಲ್ಲ. ನೀರಿನ ಬಹುಭಾಗ ಶಾಖದೊಡನೆಯೇ ಹರಿದುಹೋಗುತ್ತದೆ. ಚರ್ಮವೂ ತಲೆಬುರುಡೆಯೂ ಅಡ್ಡಲಾಗಿವೆ. ಒಳಬಂದ ಅಲ್ಪ ಶಾಖವನ್ನು ಹರಿಯುವ ರಕ್ತ ಕೊಂಡೊಯ್ದು ಮೈಯೆಲ್ಲ ಹಂಚುತ್ತದೆ. ಆದರೆ ತಂಬಿಗೆಯ ಮೇಲೆ ತಂಬಿಗೆ ಬೇಗಬೇಗನೆ ಬೀಳುತ್ತಿದ್ದರೆ ಈ ಏರ್ಪಾಡಿನ ಮೇಲೆ ಹೊರೆ ಹೆಚ್ಚುವುದು. ಕೆಲವರಲ್ಲಿ ಹುಟ್ಟಿನಿಂದಲೇ ಉಷ್ಣತೆಯನ್ನು ಹದದಲ್ಲಿಡುವ ಶಕ್ತಿ ಸ್ವಲ್ಪ ದುರ್ಬಲವಾಗಿದ್ದು, ಅವರ ಮಿದುಳು ಬೇಗ ಕಾಯುವುದೆಂದು ಸಂಶೋಧಕರು ಭಾವಿಸುವರು. ಒಂದೇ ಮನೆತನದ ಹಲವರಲ್ಲಿ ಈ ರೋಗ ಕಾಣುವುದೂ ಉಂಟು.

ಮಿದುಳು ಒಂದೆರಡು ಡಿಗ್ರಿ ಹೆಚ್ಚು ಕಾದರೆ ಏನಾಗುವುದು? ಉಷ್ಣತೆ 10 ಡಿಗ್ರಿ ಏರಿದರೆ ಪೊರೆಯ ಬಾಗಿಲುಗಳ ವೇಗ ಮೂರು ಪಟ್ಟಾಗುವುದೆಂದು ಹಾಜ್‌ಕಿನ್ ಮತ್ತು ಹಕ್ಸ್‌ಲಿ ತಮ್ಮ ಲೆಕ್ಕದಲ್ಲಿ ಹಿಡಿದಿದ್ದರು. ಒಂದೆರಡು ಡಿಗ್ರಿಯ ಏರಿಕೆಗೂ ಅದಕ್ಕೆ ತಕ್ಕ ಪರಿಣಾಮವಿದ್ದೇ ಇರುತ್ತದೆ. ಸಮತೋಲ ಗಟ್ಟಿಯಾಗಿರುವ ಮಿದುಳು ಇದನ್ನು ತಡೆದುಕೊಳ್ಳುತ್ತದೆ. ಅಂಚಿನಲ್ಲಿರುವ ಮಿದುಳು ಜಾರುತ್ತದೆ. ಎಳೆಯ ಮಕ್ಕಳಲ್ಲಿ ಕೆಲವರಿಗೆ ಜ್ವರ ಏರಿದಾಗ ಸೆಳವು ಬರುವುದನ್ನು ಅನೇಕ ತಾಯಂದಿರು ಬಲ್ಲರು. ಅಲ್ಲಿಯೂ ಶಾಖದ ಪಾತ್ರವಿದೆ.

ಹಾಗಾದರೆ ತಡೆಯುವ ಶಕ್ತಿಯನ್ನು ಬೇಕಾದಷ್ಟು ಹೆಚ್ಚಿಸಿಬಿಟ್ಟರೆ ರೋಗವೇ ಇರದಲ್ಲವೆ ಎಂದು ಕೇಳಬಹುದು. ಈ ಪ್ರಯೋಗವೂ ನಡೆದುಹೋಗಿದೆ. 1857ರಿಂದ ಮುಂದೆ ಬಹುಕಾಲ ಮೂರ್ಛೆರೋಗಕ್ಕೆ ಪೊಟಾಸಿಯಂ ಬ್ರೋಮೈಡನ್ನು ಕೊಡುತ್ತಿದ್ದರು. ಸೆಳವು ಕಡಿಮೆಯಾಗುತ್ತಿತ್ತು. ಆದರೆ ಬ್ರೋಮೈಡ್ ದೇಹದಿಂದ ಬೇಗ ಹೊರಹೋಗದೆ ಕೂಡಿಕೊಳ್ಳುತ್ತಿದ್ದುದರಿಂದ ರೋಗಿಗಳು ಸದಾ ತೂಕಡಿಸುವರು, ಮರೆಯುವರು, ತೊದಲುವರು. ಕೆಲವರಿಗೆ ಭ್ರಮೆಯೂ ಹಿಡಿಯುವುದು. 1912ರಲ್ಲಿ ಫೀನೋಬಾರ್ಬಿಟಾಲ್ ಬಂದಿತು. ಗಾಬಾದ ಕೆಲಸಕ್ಕೆ ಬಲ ಕೊಡುವ ಈ ಔಷಧ ಇಂದಿಗೂ ಬಳಕೆಯಲ್ಲಿದೆ. ಆದರೆ ಅದರ ಪ್ರಮಾಣ ಮಿತಿಮೀರಿದರೆ ಉಸಿರಾಟವೇ ನಿಲ್ಲಬಹುದು. ಪ್ರಚೋದನೆ ಹೆಚ್ಚಾದರೆ ಸೆಳವು, ನಿರೋಧ ಹೆಚ್ಚಾದರೆ ಜಡತೆ. ಔಷಧವನ್ನು ಅಳೆದು ಕೊಡುವ ವೈದ್ಯರು ಈ ಎರಡರ ನಡುವಿನ ಕಿರಿದಾದ ದಾರಿಯಲ್ಲಿ ರೋಗಿಯನ್ನು ನಡೆಸಬೇಕಾಗಿದೆ. ಆದುದರಿಂದ ಗುಳಿಗೆಗಳನ್ನು ತಾವಾಗಿಯೇ ಹೆಚ್ಚಿಸಿಕೊಳ್ಳುವುದೂ, ವಾಸಿಯಾಯಿತೆಂದು ಥಟ್ಟನೆ ನಿಲ್ಲಿಸುವುದೂ ಎರಡೂ ಅಪಾಯವೇ.

ಬಿಸಿನೀರಿನ ಮೂರ್ಛೆಗೆ ಮೊದಲ ಮದ್ದು ಬಹು ಅಗ್ಗದ್ದು: ನೀರನ್ನು ಉಗುರುಬೆಚ್ಚಗೆ ಮಾಡಿಕೊಂಡು, ನಿಧಾನವಾಗಿ ಮೀಯುವುದು. ಅನೇಕರಿಗೆ ಇಷ್ಟೇ ಸಾಕಾಗುತ್ತದೆ. ಸಾಲದವರಿಗೆ ತಲೆಸ್ನಾನದ ಒಂದೆರಡು ಗಂಟೆ ಮೊದಲು ನುಂಗುವಂತೆ ಕ್ಲೊಬಜಾಮ್ ಎಂಬ ಗುಳಿಗೆಯನ್ನು ವೈದ್ಯರು ಕೊಡುವುದುಂಟು. ಅದೂ ಗಾಬಾಕ್ಕೆ ಬೆಂಬಲವಾಗುವ ಔಷಧವೇ. ಮುಂದೆ ಸ್ನಾನವಿಲ್ಲದಾಗಲೂ ಮೂರ್ಛೆ ಬರುವವರಿಗೆ ಮಾತ್ರ ನಿತ್ಯದ ಔಷಧ ಬೇಕಾಗುತ್ತದೆ.

ಜಗತ್ತಿನಲ್ಲಿ ಸುಮಾರು ಐದು ಕೋಟಿ ಜನರಿಗೆ ಒಂದಲ್ಲ ಒಂದು ಬಗೆಯ ಮೂರ್ಛೆರೋಗವಿದೆ. ತಕ್ಕ ಚಿಕಿತ್ಸೆ ದೊರೆತರೆ ಅವರಲ್ಲಿ ನೂರಕ್ಕೆ 70ರವರೆಗೆ ಸೆಳವಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆದರೂ ಮನೆಯವರು ರೋಗವನ್ನು ಮುಚ್ಚಿಡುವರು. ಮುಚ್ಚಿಟ್ಟ ರೋಗಕ್ಕೆ ಚಿಕಿತ್ಸೆಯೆಲ್ಲಿಯದು? ಮೂರ್ಛೆಯನ್ನು ವಿವಾಹ ರದ್ದತಿಗೆ ಕಾರಣವೆಂದು ಎಣಿಸುತ್ತಿದ್ದ ಕಾನೂನಿನ ಮಾತನ್ನು 1999ರಲ್ಲಿಯೇ ನಮ್ಮ ದೇಶದಲ್ಲಿ ತೆಗೆದುಹಾಕಲಾಗಿದೆ. ಜನರ ಮನಸ್ಸಿನಿಂದ ಅದು ಇನ್ನೂ ಪೂರ್ತಿ ಹೋಗಿಲ್ಲ.

ತರಗತಿಯಲ್ಲಿ ಸಹಪಾಠಿಯೊಬ್ಬನಿಗೆ ಮೂರ್ಛೆ ಬಂದರೆ ಕೈಗೆ ಕಬ್ಬಿಣದ ಬೀಗದ ಕೈ ಕೊಡಲು ಓಡಬೇಕಾಗಿಲ್ಲ. ಕಬ್ಬಿಣ ಹಿಡಿದ ಕೈಯಿಂದ ಮಿದುಳಿನ ಗ್ಲುಟಮೇಟಿಗೆ ಯಾವ ಅಪ್ಪಣೆಯೂ ಹೋಗುವುದಿಲ್ಲ. ಹೆಚ್ಚಿನ ಸೆಳವುಗಳು ಒಂದೆರಡು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ; ಕೀಲಿಗೆ ಕೀರ್ತಿ ಬಂದುದು ಇದರಿಂದ. ಸುತ್ತಲಿನ ಬೆಂಚು, ಗಾಜು ಮೊದಲಾದುವನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನನ್ನಾದರೂ ಇಟ್ಟು, ಅವನನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು. ಬಾಯಿಗೆ ಏನನ್ನೂ ತುರುಕಬಾರದು, ನೀರನ್ನೂ ಹಾಕಬಾರದು. ಕೈಕಾಲುಗಳನ್ನು ಬಲವಾಗಿ ಅದುಮಿ ಹಿಡಿಯಬಾರದು. ಗಡಿಯಾರ ನೋಡುತ್ತಿರಬೇಕು. ಸೆಳವು ಐದು ನಿಮಿಷ ಮೀರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಸುಲಭ ಪ್ರಯೋಗ. ಮುಂದಿನ ಎಣ್ಣೆಸ್ನಾನದ ದಿನ ನಿಮ್ಮ ಮನೆಯಲ್ಲಿ ಬೆರಸಿಟ್ಟ ನೀರಿನ ಉಷ್ಣತೆಯನ್ನು ಅಳೆದು ನೋಡಿ. ಜ್ವರ ನೋಡುವ ಉಷ್ಣಮಾಪಕ ಇದಕ್ಕೆ ಬಾರದು, ಪ್ರಯೋಗಶಾಲೆಯದು ಬೇಕು. ‘ಹದವಾಗಿದೆ’ ಎಂದು ಹಿರಿಯರು ಕೈಯಿಟ್ಟು ಹೇಳಿದ ನೀರು 45 ಡಿಗ್ರಿಯನ್ನು ಮುಟ್ಟಿದ್ದರೆ, ಚಿಕ್ಕ ಮಕ್ಕಳ ತಲೆಗೆ ಹೊಯ್ಯುವ ಮೊದಲು ಅದಕ್ಕೆ ಇನ್ನೊಂದೆರಡು ತಂಬಿಗೆ ತಣ್ಣೀರು ಬೆರಸಿ.