ಕಿವಿ ಒಪ್ಪದ ಸುತ್ತು

ಪ್ರಯಾಣದಲ್ಲಿ ಯಾರಿಗೆ ಎಷ್ಟು ಹೊಟ್ಟೆ ತೊಳಸುತ್ತದೆ ಎಂದು ಅಳೆಯಲು ಬ್ರಿಟನ್ನಿನ ಮನೋವಿಜ್ಞಾನಿ ಜಾನ್ ಗೋಲ್ಡಿಂಗ್ ರೂಪಿಸಿದ ಒಂದು ಪ್ರಶ್ನಾವಳಿ ಇದೆ. 2006ರ ಅದರ ಚಿಕ್ಕ ಆವೃತ್ತಿಯಲ್ಲಿ 9 ಬಾಬುಗಳಿವೆ. ಕಾರು, ಬಸ್ಸು, ರೈಲು, ವಿಮಾನ, ಸಣ್ಣ ದೋಣಿ, ಹಡಗು ಇವು ಆರು. ಉಳಿದ ಮೂರು ನಮ್ಮನ್ನು ಯಾವ ಊರಿಗೂ ಮುಟ್ಟಿಸುವುದಿಲ್ಲ: ಉಯ್ಯಾಲೆ, ಮಕ್ಕಳು ಕೂತು ತಿರುಗುವ ಗಿರಗಟ್ಲೆ, ಜಾತ್ರೆಯಲ್ಲಿ ಹಾಕುವಂಥ ದೊಡ್ಡ ಆಟಗಳು. ಪ್ರತಿಯೊಂದರ ಬಗ್ಗೆಯೂ ಎರಡು ಸಲ ಕೇಳುತ್ತಾರೆ. 12 ವರ್ಷ ತುಂಬುವ ಮೊದಲು ಹೇಗಿತ್ತು? ಕಳೆದ 10 ವರ್ಷಗಳಲ್ಲಿ ಹೇಗಿದೆ? ಒಂದೇ ದೇಹ ಒಂದು ಕಾಲಕ್ಕೆ ಒಪ್ಪಿದ್ದನ್ನು ಇನ್ನೊಂದು ಕಾಲಕ್ಕೆ ಒಪ್ಪದೆ ಹೋಗಬಹುದು ಎಂಬ ತಿಳಿವಳಿಕೆ ಆ ಪ್ರಶ್ನೆಗಳಲ್ಲೇ ಅಡಗಿದೆ. ಬಿಡದಿಯ ವಂಡರ್‌ಲಾದಲ್ಲಿ ಮನೆಮಂದಿಯ ಬ್ಯಾಗು, ಚಪ್ಪಲಿ, ಮೊಬೈಲುಗಳನ್ನು ಕಾಯುತ್ತ ನೆರಳಲ್ಲಿ ಕೂತಿರುವವರನ್ನು ನೋಡಿ. ಅಮೆರಿಕದ ಮಗಳ ಮನೆಗೆ ಹೋಗಿ, ಅವಳು ಆಸೆಯಿಂದ ಕರೆದೊಯ್ದ ಫ್ಲಾರಿಡಾದ ಡಿಸ್ನಿ ವರ್ಲ್ಡಿನಲ್ಲಿ ಬೆಂಚು ಹುಡುಕುವ ಅಪ್ಪ ಅಮ್ಮಂದಿರನ್ನೂ ನೆನೆಯಿರಿ. ಅವರಲ್ಲಿ ಬಹಳ ಮಂದಿ ಒಂದು ಕಾಲಕ್ಕೆ ಎಲ್ಲರಿಗಿಂತ ಮುಂಚೆ ಸಾಲಿನಲ್ಲಿ ನಿಂತವರೇ. ಈಗ ಕೇಳಿದರೆ, ‘ನಮಗೆ ವಯಸ್ಸಾಯ್ತು, ನೀವು ಹೋಗಿಬನ್ನಿ’ ಎನ್ನುತ್ತಾರೆ. ಈ ಮಾತನ್ನು ಹಾಗೇ ಒಪ್ಪಿಕೊಳ್ಳಬಾರದು ಎಂಬುದು ನನ್ನ ವಾದ. ದೇಹ ತಕರಾರು ತೆಗೆಯುವುದು ಕೆಲವು ಬಗೆಯ ಚಲನೆಗಳ ಮೇಲೆ ಮಾತ್ರ. ಅವು ಯಾವುವು ಎಂದು ಗೊತ್ತಿಲ್ಲದ ಕಾರಣ ನಾವು ಇಡೀ ಪಾರ್ಕನ್ನೇ ಬಿಟ್ಟುಕೊಡುತ್ತಿದ್ದೇವೆ.

ವಯಸ್ಸಿನ ಲೆಕ್ಕ ಸಾಮಾನ್ಯವಾಗಿ ನಾವು ಎಣಿಸುವುದಕ್ಕೆ ತಿರುವುಮುರುವಾಗಿದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಪ್ರಯಾಣದ ವಾಂತಿ ಅಪರೂಪ. ಆಮೇಲೆ ಅದು ಏರುತ್ತ ಹೋಗಿ 9–10ರ ವಯಸ್ಸಿನ ಸುಮಾರಿಗೆ ತುತ್ತತುದಿಗೆ ಬರುತ್ತದೆ. ಆಗುಂಬೆ, ಚಾರ್ಮಾಡಿ ಘಾಟಿಯ ಬಸ್ಸುಗಳಲ್ಲಿ ಮೂಗಿಗೆ ನಿಂಬೆಹಣ್ಣು ಹಿಡಿದು ಕಿಟಕಿಗೆ ತಲೆ ಕೊಟ್ಟವರಲ್ಲಿ ಶಾಲೆಯ ಮಕ್ಕಳೇ ಹೆಚ್ಚಿರುವುದು ಅದಕ್ಕೇ. ಹರೆಯದಲ್ಲಿ ತೊಂದರೆ ಇಳಿಯುತ್ತದೆ, ಮುಪ್ಪಿನಲ್ಲಿ ಸರಾಸರಿ ಇನ್ನೂ ಇಳಿಯುತ್ತದೆ. ಹಾಗಾದರೆ ನಲವತ್ತು ದಾಟಿದ ಮೇಲೆ ಜಾಸ್ತಿಯಾಯಿತು ಎನ್ನುವವರದು ಬರಿಯ ಭ್ರಮೆಯೇ? ಖಂಡಿತ ಇಲ್ಲ. ಸರಾಸರಿ ಇಳಿದರೂ ಒಬ್ಬೊಬ್ಬರ ಪಾಲಿಗೆ ಅದು ಏರಬಹುದು, ಅದಕ್ಕೆ ಕಾರಣಗಳೂ ಉಂಟು. ಅವನ್ನು ತಿಳಿಯಲು ಮೊದಲು ಕಿವಿಯೊಳಗೆ ಇಣುಕಬೇಕು.

ಒಂದು ಚೊಂಬಿನಲ್ಲಿ ನೀರು ತುಂಬಿ ಗಿರ್ರನೆ ತಿರುಗಿಸಿ. ಚೊಂಬು ತಿರುಗಿದರೂ ಒಳಗಿನ ನೀರು ಒಂದು ಗಳಿಗೆ ನಿಂತಲ್ಲೇ ನಿಂತು, ತಡವಾಗಿ ಜೊತೆಗೂಡುತ್ತದೆ. ಚೊಂಬನ್ನು ತಟ್ಟನೆ ಹಿಡಿದು ನಿಲ್ಲಿಸಿದರೆ ನೀರು ಇನ್ನೂ ಸುತ್ತುತ್ತಲೇ ಇರುತ್ತದೆ. ನಮ್ಮ ಒಳಗಿವಿಯಲ್ಲಿ ಇಂಥ ದ್ರವ ತುಂಬಿದ, ಬಳೆಯ ತುಂಡಿನಂತೆ ಬಾಗಿದ ಮೂರು ನಾಳಗಳಿವೆ. ದ್ರವ ಹಿಂದುಳಿದಾಗ ಅಲ್ಲಿನ ಕೂದಲೆಳೆಯಂಥ ಜೀವಕೋಶಗಳು ಬಾಗಿ, ತಲೆ ತಿರುಗುತ್ತಿದೆ ಎಂದು ಮಿದುಳಿಗೆ ತಿಳಿಸುತ್ತವೆ. ಒಂದೇ ವೇಗದಲ್ಲಿ ಸುತ್ತುತ್ತಲೇ ಇದ್ದರೆ ಅರ್ಧ ನಿಮಿಷದೊಳಗೆ ದ್ರವ ಹೊಂದಿಕೊಂಡು ಸುದ್ದಿ ನಿಂತುಹೋಗುತ್ತದೆ. ಸುತ್ತು ನಿಂತಾಗ ಮಾತ್ರ ಎದುರು ದಿಕ್ಕಿಗೆ ತಿರುಗುತ್ತಿದ್ದೇವೆ ಎಂಬ ಸುಳ್ಳು ಸುದ್ದಿ ಹೋಗುತ್ತದೆ. ಪಕ್ಕದಲ್ಲೇ ಸುಣ್ಣದ ಸಣ್ಣ ಹರಳುಗಳು ಕೂತ ಎರಡು ಚೀಲಗಳಿದ್ದು, ಅವು ಏರಿಳಿತವನ್ನೂ ಮುನ್ನುಗ್ಗುವಿಕೆಯನ್ನೂ ತೂಗುತ್ತವೆ. ಕಿವಿ ಹೇಳಿದ್ದಕ್ಕೂ ಕಣ್ಣು ಕಂಡದ್ದಕ್ಕೂ ತಾಳೆಯಾಗದಿದ್ದರೆ ಹೊಟ್ಟೆ ಕೆಡುತ್ತದೆ ಎಂಬುದೇ ಈಗ ಹೆಚ್ಚಿನವರು ಒಪ್ಪಿರುವ ವಿವರಣೆ. ಜೇಮ್ಸ್ ರೀಸನ್ ಮತ್ತು ಬ್ರ್ಯಾಂಡ್ 1975ರಲ್ಲಿ ಇದನ್ನು ವಿಸ್ತಾರವಾಗಿ ಮಂಡಿಸಿದರು. ಕಣ್ಣು ಕಿವಿಗಳ ಜಗಳಕ್ಕೆ ಹೊಟ್ಟೆ ಯಾಕೆ ದಂಡ ತೆರಬೇಕು? 1977ರಲ್ಲಿ ಮಿಶೆಲ್ ಟ್ರೀಸ್‌ಮನ್ ಒಂದು ಊಹೆ ಮುಂದಿಟ್ಟರು: ಇಂದ್ರಿಯಗಳು ಹೀಗೆ ತಪ್ಪು ವರದಿ ಕೊಟ್ಟರೆ ವಿಷ ಹೊಟ್ಟೆ ಸೇರಿರಬೇಕು ಎಂದು ಬಗೆದು ದೇಹ ಅದನ್ನು ಹೊರಹಾಕಲು ನೋಡುತ್ತದೆ.

ಕಿವಿಯ ಪಾತ್ರ ಎಷ್ಟು ದೊಡ್ಡದು ಎಂಬುದಕ್ಕೆ ನಾಸಾ ಮತ್ತು ಅಮೆರಿಕದ ನೌಕಾಪಡೆ ಸೇರಿ 1950ರ ದಶಕದ ಕೊನೆಯಿಂದ ನಡೆಸಿದ ಪ್ರಯೋಗಗಳಿಗಿಂತ ಗಟ್ಟಿಯಾದ ಸಾಕ್ಷಿ ನನಗೆ ಕಾಣದು. ಕಿವುಡರಿಗಾಗಿ ಇರುವ ಗ್ಯಾಲೋಡೆಟ್ ಕಾಲೇಜಿನಿಂದ 11 ಮಂದಿಯನ್ನು ಆರಿಸಿಕೊಂಡರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಚಿಕ್ಕಂದಿನ ಮಿದುಳುಜ್ವರದಿಂದ ಕಿವುಡರಾದವರು. ಆ ಕಾಯಿಲೆ ಒಳಗಿವಿಯ ಸಮತೋಲದ ಅಂಗವನ್ನೂ ಕೆಡಿಸಿತ್ತು. ನೋವಾ ಸ್ಕಾಷಿಯಾದ ಹತ್ತಿರ ಹುಚ್ಚೆದ್ದ ಕಡಲಿನಲ್ಲಿ ಇವರು ನಿರಾಳವಾಗಿ ಇಸ್ಪೀಟು ಆಡುತ್ತಿದ್ದರೆ, ಪರೀಕ್ಷಿಸಲು ಬಂದ ವಿಜ್ಞಾನಿಗಳೇ ಹಾಸಿಗೆ ಹಿಡಿದು ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಇದರ ಅರ್ಥ ನೇರವಾಗಿದೆ. ಹೊಟ್ಟೆ ತೊಳಸುವುದು ಒಳಗಿವಿ ಕೆಲಸ ಮಾಡುತ್ತಿರುವುದರ ಗುರುತು, ಧೈರ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ರೈಡಿನಿಂದ ಇಳಿದು ಬಿಳಿಚಿಕೊಂಡವರನ್ನು ಪುಕ್ಕಲರೆಂದು ರೇಗಿಸುವುದು ಅನ್ಯಾಯ.

ವಯಸ್ಸಿನ ಜೊತೆಗೆ ಒಳಗಿವಿಯ ಜೀವಕೋಶಗಳು ಕಡಿಮೆಯಾಗುತ್ತ ಬರುತ್ತವೆ. ಅದರಿಂದ ಎರಡು ಪರಿಣಾಮ. ಸುದ್ದಿಯೇ ಕ್ಷೀಣವಾದ್ದರಿಂದ ಘರ್ಷಣೆ ಕಡಿಮೆಯಾಗಿ ಬಹುಮಂದಿಗೆ ತೊಂದರೆ ಇಳಿಯುತ್ತದೆ. ಆದರೆ ಒಮ್ಮೆ ಸಮತೋಲ ಕದಡಿದರೆ ಅದನ್ನು ಮತ್ತೆ ಸರಿದೂಗಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುತ್ತದೆ. ಮಗು ಉಯ್ಯಾಲೆ ಇಳಿದು ಓಡಿಹೋಗುವ ಹೊತ್ತಿಗೆ ಅಜ್ಜ ಕಂಬ ಹಿಡಿದು ನಿಂತಿರುತ್ತಾರೆ. ರೂಢಿ ತಪ್ಪುವುದು ಇನ್ನೊಂದು ಕಾರಣ. ದಿನವೂ ಗಿರಗಿರ ಸುತ್ತಿ ಬೀಳುವ ಆಟವಾಡುವ ಮಗುವಿನ ಮಿದುಳಿಗೆ ಆ ಸುತ್ತು ಹೊಸದಲ್ಲ. ಇಪ್ಪತ್ತು ವರ್ಷ ಕುರ್ಚಿಯಲ್ಲಿ ಕೂತು ದುಡಿದವರಿಗೆ ಹೊಸದು. ಮೈಗ್ರೇನ್ ಇರುವವರಿಗೆ ಮೊದಲಿಂದಲೂ ಈ ಕಾಟ ಜಾಸ್ತಿ. ಹೆಂಗಸರಿಗೆ ಗಂಡಸರಿಗಿಂತ ಹೆಚ್ಚು, ಬಸಿರಿನಲ್ಲಿ, ಮುಟ್ಟಿನ ದಿನಗಳಲ್ಲಿ ಇನ್ನಷ್ಟು. ಐವತ್ತರ ಮೇಲೆ ಇನ್ನೊಂದು ತೊಂದರೆ ಹೆಚ್ಚಾಗಿ ಕಾಣುತ್ತದೆ. ಸುಣ್ಣದ ಹರಳುಗಳು ಚೀಲದಿಂದ ಕಳಚಿ ಬಾಗಿದ ನಾಳಕ್ಕೆ ಬೀಳುತ್ತವೆ. ಆಗ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಕೋಣೆ ಸುತ್ತಿದಂತಾಗುತ್ತದೆ. ಇದನ್ನು ವೈದ್ಯರು ತಲೆಯನ್ನು ಕ್ರಮವಾಗಿ ಓರೆಮಾಡಿಸಿ, ಹರಳು ಮರಳಿ ಸ್ವಸ್ಥಾನ ಸೇರುವಂತೆ ಮಾಡಿ ಗುಣಪಡಿಸಬಲ್ಲರು. ಎಷ್ಟೋ ಸಲ ಕೆಲವೇ ನಿಮಿಷಗಳ ಕೆಲಸ. ಇದ್ದಕ್ಕಿದ್ದಂತೆ ಶುರುವಾದ ತಲೆಸುತ್ತನ್ನು ‘ವಯಸ್ಸು’ ಎಂದು ತಳ್ಳಿಹಾಕಿದರೆ ಇಂಥ ಸುಲಭದ ಚಿಕಿತ್ಸೆಯೂ ತಪ್ಪಿಹೋಗುತ್ತದೆ.

ಇಷ್ಟು ಹೇಳಿದ ಮೇಲೆ ಯಂತ್ರಗಳ ಕಡೆ ತಿರುಗೋಣ, ಏಕೆಂದರೆ ವಯಸ್ಸಿನಷ್ಟೇ ಯಂತ್ರವೂ ಬದಲಾಗಿದೆ. ಸಾಮಾನ್ಯವಾಗಿ ನಾವು ರೈಡುಗಳನ್ನು ವೇಗದಿಂದ ವಿಂಗಡಿಸುತ್ತೇವೆ: ನಿಧಾನದ್ದು ಹಿರಿಯರಿಗೆ, ಜೋರಿನದು ಹುಡುಗರಿಗೆ. ಹೊಟ್ಟೆಯ ಮಟ್ಟಿಗೆ ಈ ವಿಂಗಡಣೆ ತಪ್ಪುದಾರಿಗೆ ಎಳೆಯುತ್ತದೆ. ಡಿಸ್ನಿಲ್ಯಾಂಡ್ 1955ರಲ್ಲಿ ತೆರೆದಾಗಿನಿಂದ ಇರುವ ಚಹಾಕಪ್ಪುಗಳ ಆಟ ನೋಡಲು ಎಳೆಮಕ್ಕಳ ಆಟದಂತಿದೆ. ಆದರೆ ದೊಡ್ಡ ತಟ್ಟೆಯೊಂದು ತಿರುಗುತ್ತದೆ, ಅದರ ಮೇಲೆ ಮೂರು ಸಣ್ಣ ತಟ್ಟೆಗಳು ತಿರುಗುತ್ತವೆ, ಅವುಗಳ ಮೇಲೆ 18 ಕಪ್ಪುಗಳು ತಮ್ಮಷ್ಟಕ್ಕೆ ತಿರುಗುತ್ತವೆ. ಸುತ್ತಿನೊಳಗೆ ಸುತ್ತು, ಅದರೊಳಗೆ ಇನ್ನೊಂದು. ಆ ನಡುವೆ ಮೊಮ್ಮಗನ ಕಡೆ ಕತ್ತು ಹೊರಳಿಸಿದರೆ ಮೂರೂ ನಾಳಗಳ ದ್ರವ ಒಟ್ಟಿಗೆ ಕದಡುತ್ತದೆ. ತೂಗುಗೋಲಿನಂತೆ ತೂಗುವ ಜಾತ್ರೆಯ ಕೋಲಂಬಸ್ ಹಡಗನ್ನೂ ಗಮನಿಸಿ. ಕಡಲಿನ ಅಧ್ಯಯನಗಳ ಪ್ರಕಾರ ಹೊಟ್ಟೆಯನ್ನು ಅತಿ ಹೆಚ್ಚು ಕೆಡಿಸುವುದು ಸುಮಾರು 5 ಸೆಕೆಂಡಿಗೊಮ್ಮೆ ಬರುವ ನಿಧಾನದ ಏರಿಳಿತ. 10 ಮೀಟರ್ ಉದ್ದದ ತೂಗುಗೋಲಿಗೆ ಒಂದು ಸಲ ಹೋಗಿ ಬರಲು 6 ಸೆಕೆಂಡಿಗೂ ಸ್ವಲ್ಪ ಹೆಚ್ಚು ಬೇಕು, ಅಂದರೆ ಆ ಕೆಟ್ಟ ಲಯದ ಆಸುಪಾಸಿನಲ್ಲೇ ಅದು ತೂಗುತ್ತದೆ. ಅದಕ್ಕೆ ಹೋಲಿಸಿದರೆ ಬಯಲಿನಲ್ಲಿ ಓಡುವ, ತಲೆಕೆಳಗು ಮಾಡದ ರೋಲರ್ ಕೋಸ್ಟರ್ ಎಷ್ಟೋ ಜನಕ್ಕೆ ಹಗುರ. ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ, ಕಣ್ಣಿಗೆ ಹಳಿ ಕಾಣುತ್ತದೆ, ತಿರುವು ಬರುವ ಮೊದಲೇ ಮಿದುಳಿಗೆ ಸುಳಿವು ಸಿಗುತ್ತದೆ. ಘಾಟಿಯಲ್ಲಿ ಡ್ರೈವರಿಗೆ ವಾಂತಿಯಾಗದೆ ಹಿಂದಿನ ಸೀಟಿನವರಿಗೆ ಆಗುವುದು ಇದೇ ಕಾರಣಕ್ಕೆ.

ಹಿರಿಯರಿಗೆ ನಿಜಕ್ಕೂ ಹೊಸ ತೊಡಕೆಂದರೆ ಪರದೆ. ಡಿಸ್ನಿಲ್ಯಾಂಡಿನಲ್ಲಿ 1987ರಲ್ಲಿ ಬಂದ ಸ್ಟಾರ್ ಟೂರ್ಸ್ ಪೈಲಟ್ ತರಬೇತಿಯ ತಂತ್ರವನ್ನು ಮನರಂಜನೆಗೆ ತಂದಿತು: ಕೋಣೆ ಇದ್ದಲ್ಲೇ ಅಲುಗಾಡುತ್ತದೆ, ಪರದೆಯ ಮೇಲೆ ನಾವು ಆಕಾಶವನ್ನೇ ಸೀಳಿಕೊಂಡು ಹೋಗುತ್ತೇವೆ. 2010ರಲ್ಲಿ ಓರ್ಲ್ಯಾಂಡೊದ ಯೂನಿವರ್ಸಲ್ ಪಾರ್ಕಿನಲ್ಲಿ ತೆರೆದ ಹ್ಯಾರಿ ಪಾಟರ್ ರೈಡಿನಲ್ಲಿ ಆಸನಗಳನ್ನು ರೋಬೋ ತೋಳು ಎತ್ತಿ ತೂಗುತ್ತ ಪರದೆಯಿಂದ ಪರದೆಗೆ ಒಯ್ಯುತ್ತದೆ. ಇಲ್ಲಿ ಕಣ್ಣಿಗೆ ಕಾಣುವ ಓಟ ದೊಡ್ಡದು, ಕಿವಿಗೆ ಸಿಗುವ ಓಟ ಚಿಕ್ಕದು. ಇಂಥ ಕೃತಕ ಓಟದಲ್ಲಿ ವಯಸ್ಸಾದವರೇ ಹೆಚ್ಚು ಕಷ್ಟಪಡುತ್ತಾರೆ ಎಂಬುದು ಕಾರು ಓಡಿಸುವ ಸಿಮ್ಯುಲೇಟರುಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹಾಗಾಗಿ ಐವತ್ತರ ಮೇಲಿನವರು ‘ಇದು ಬರೀ ಸಿನಿಮಾ, ಕೂತು ನೋಡುವುದಷ್ಟೆ’ ಎಂದು ಯಾರಾದರೂ ಕರೆದರೆ ಎರಡು ಸಲ ಯೋಚಿಸಬೇಕು. ಒಳಹೊಕ್ಕ ಮೇಲೆ ತೊಳಸತೊಡಗಿದರೆ ತಲೆಯನ್ನು ಆಸನಕ್ಕೆ ಒತ್ತಿ ಕಣ್ಣು ಮುಚ್ಚಿಕೊಂಡರೆ ಜಗಳದ ಒಂದು ಪಕ್ಷ ಸುಮ್ಮನಾಗುತ್ತದೆ. ಬಯಲಿನ ರೈಡಿನಲ್ಲಾದರೆ ಕಣ್ಣು ತೆರೆದು ದೂರದ ಅಲುಗದ ವಸ್ತುವನ್ನು ನೋಡುವುದು ಮೇಲು.

ಇಷ್ಟೆಲ್ಲ ಲೆಕ್ಕ ಯಾಕೆ, ಒಂದು ಮಾತ್ರೆ ನುಂಗಿದರೆ ಆಯಿತಲ್ಲ ಎನ್ನುವವರಿದ್ದಾರೆ. ಘಾಟಿ ಬಸ್ಸಿಗೆ ಮುಂಚೆ ನುಂಗುವ ಪ್ರೊಮೆಥಜೀನ್, ಅಮೆರಿಕದ ಅಂಗಡಿಗಳಲ್ಲಿ ಸಿಗುವ ಡೈಮೆನ್‌ಹೈಡ್ರಿನೇಟ್ ಕೆಲಸ ಮಾಡುತ್ತವೆ ನಿಜ, ಅದೂ ಹೊರಡುವುದಕ್ಕೆ ಸಾಕಷ್ಟು ಮೊದಲೇ ತೆಗೆದುಕೊಂಡರೆ. ಆದರೆ ಈ ಹಳೆಯ ತಲೆಮಾರಿನ ಔಷಧಗಳು ಮಂಪರು ತರುತ್ತವೆ, ಬಾಯಿ ಒಣಗಿಸುತ್ತವೆ. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಿಗೆ ಮೂತ್ರ ಕಟ್ಟಬಹುದು, ಕೆಲವು ಬಗೆಯ ಗ್ಲಾಕೋಮಾ ಇದ್ದವರಿಗೆ ಕಣ್ಣಿಗೆ ಅಪಾಯ, ವಯಸ್ಸಾದವರಿಗೆ ಗೊಂದಲ ಹಿಡಿದು ಬೀಳುವ ಭಯ. 65 ದಾಟಿದವರಿಗೆ ಆದಷ್ಟು ಕೊಡಬಾರದ ಔಷಧಗಳೆಂದು ಅಮೆರಿಕದ ವೃದ್ಧರೋಗ ತಜ್ಞರ ಸಂಘ ಪ್ರಕಟಿಸುವ ಪಟ್ಟಿಯಲ್ಲಿ ಇವು ಇವೆ. ಬಿಸಿಲಲ್ಲಿ ದಿನವಿಡೀ ನಡೆಯಬೇಕಾದ ಕಡೆ, ಬಿಪಿ ಮಾತ್ರೆಯ ಜೊತೆಗೆ, ವೈದ್ಯರನ್ನು ಕೇಳದೆ ಇವನ್ನು ನುಂಗುವುದು ಸಲ್ಲದು. ಶುಂಠಿಯ ವಿಷಯದಲ್ಲಿ ಅಧ್ಯಯನಗಳು ಒಂದೇ ದನಿಯಲ್ಲಿ ಮಾತಾಡುವುದಿಲ್ಲ. ಹಾನಿ ಕಡಿಮೆ, ಬಾಯಿಗೂ ಹಿತ, ಬೇಕಾದವರು ಒಂದು ತುಂಡು ಇಟ್ಟುಕೊಳ್ಳಲಿ. ಹಟ ಹಿಡಿದು ಮತ್ತೆ ಮತ್ತೆ ಕೂತರೆ ರೂಢಿಯಾಗುತ್ತದೆ ಎಂಬ ಇನ್ನೊಂದು ಸಲಹೆಗೂ ಆಧಾರವಿದೆ, ನಾವಿಕರೂ ಗಗನಯಾತ್ರಿಗಳೂ ಹಾಗೇ ಪಳಗುವುದು. ಆದರೆ ಅದಕ್ಕೆ ದಿನಗಟ್ಟಲೆ, ಸ್ವಲ್ಪಸ್ವಲ್ಪವಾಗಿ, ಹೊಟ್ಟೆ ಕೆಡುವ ಮೊದಲೇ ನಿಲ್ಲಿಸುತ್ತ ಹೋಗುವ ಅಭ್ಯಾಸ ಬೇಕು. ವರ್ಷಕ್ಕೊಂದು ದಿನ ಪಾರ್ಕಿಗೆ ಹೋಗುವವರು ಆ ಒಂದೇ ದಿನ ಹಟ ಮಾಡಿದರೆ ಸಿಗುವುದು ವಾಂತಿ ಮಾತ್ರ.

ಇನ್ನೊಂದು ಆಕ್ಷೇಪವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಅರ್ಧಕ್ಕರ್ಧ ರೈಡು ಬಿಟ್ಟ ಮೇಲೆ ಅಷ್ಟು ಹಣ ತೆತ್ತು ಯಾಕೆ ಹೋಗಬೇಕು? ಇದಕ್ಕೆ ಉತ್ತರ ಪಾರ್ಕಿನಿಂದ ಪಾರ್ಕಿಗೆ ಬೇರೆ. ವಾಲ್ಟ್ ಡಿಸ್ನಿ ತಾನೇ ಹೇಳಿಕೊಂಡಂತೆ, ಡಿಸ್ನಿಲ್ಯಾಂಡಿನ ಕಲ್ಪನೆ ಹುಟ್ಟಿದ್ದು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನ ಒಂದು ಬೆಂಚಿನ ಮೇಲೆ. ಹೆಣ್ಣುಮಕ್ಕಳಿಬ್ಬರು ಮರದ ಕುದುರೆಗಳ ಮೇಲೆ ಸುತ್ತುತ್ತಿದ್ದರು, ಅಪ್ಪ ಕಡಲೆಕಾಯಿ ತಿನ್ನುತ್ತ ಸುಮ್ಮನೆ ಕೂತಿದ್ದ. ಹೆತ್ತವರೂ ಮಕ್ಕಳೂ ಕೂಡಿ ನಲಿಯುವ ಜಾಗವೊಂದು ಬೇಕು ಎಂಬ ಆ ಯೋಚನೆಯಿಂದಲೇ ಅಲ್ಲಿ ರೈಲು, ಮೆರವಣಿಗೆ, ದೋಣಿ, ಕಟ್ಟಡಗಳ ಸೊಗಸು ಎಲ್ಲ ಬಂದವು. ಫ್ಲಾರಿಡಾದ ಎಪ್‌ಕಾಟಿನಲ್ಲಿ ಕೆರೆಯ ಸುತ್ತ 11 ದೇಶಗಳ ಮಂಟಪಗಳಿದ್ದು, ಒಂದು ರೈಡನ್ನೂ ಹತ್ತದೆ ದಿನ ಕಳೆಯಬಹುದು. ನಮ್ಮ ಪಾರ್ಕುಗಳು ಈ ಮಟ್ಟಿಗೆ ಬಡವಾಗಿವೆ ಎಂದು ಒಪ್ಪಲೇಬೇಕು. ಬಿಡದಿಯಲ್ಲಿ ಯಂತ್ರಗಳೇ ಪ್ರಧಾನ, ನೋಡಿ ನಲಿಯುವುದು ಕಡಿಮೆ. ಆದರೂ ಅಲ್ಲಿ ನೀರಿದೆ. ಅಲೆಕೊಳದಲ್ಲಿ ಕಾಲು ನೆಲಕ್ಕೆ ಊರಿ ನಿಂತವರ ಚಲನೆ ಅವರ ಕೈಯಲ್ಲೇ ಇರುತ್ತದೆ, ಬೇಡವೆನಿಸಿದರೆ ಎರಡು ಹೆಜ್ಜೆ ಹಿಂದಕ್ಕೆ. ಎತ್ತರದ ಹೆದರಿಕೆ ಇಲ್ಲದವರಿಗೆ ನಿಧಾನವಾಗಿ ಸುತ್ತುವ ದೊಡ್ಡ ಚಕ್ರವೂ ಆದೀತು, ಅದರಲ್ಲಿ ದಿಗಂತ ಕಣ್ಣೆದುರೇ ಇರುತ್ತದೆ. ಬೆಳಿಗ್ಗೆ ಹೊಟ್ಟೆ ತಿಳಿಯಾಗಿರುವಾಗ, ಇಡ್ಲಿಯಷ್ಟು ಹಗುರವಾದದ್ದನ್ನು ತಿಂದು, ಒಪ್ಪುವ ಒಂದೆರಡು ರೈಡುಗಳನ್ನು ಮೊದಲು ಮುಗಿಸಿ, ತಿರುಗುವಂಥದ್ದನ್ನು ಪೂರಾ ಬಿಟ್ಟರೆ ಇಡೀ ದಿನ ಉಳಿಯುತ್ತದೆ.

ಆದರೆ ಒಪ್ಪುವುದು ಯಾವುದು ಎಂದು ಸಾಲಿನಲ್ಲಿ ನಿಂತವರಿಗೆ ತಿಳಿಯುವುದು ಹೇಗೆ? ಎತ್ತರದ ಅಳತೆ, ಹೃದ್ರೋಗ, ಬಸಿರು, ಬೆನ್ನುನೋವು ಎಂದು ಎಚ್ಚರಿಸುವ ಬೋರ್ಡಿನಲ್ಲಿ ಇನ್ನು ನಾಲ್ಕು ಸಾಲಿಗೆ ಜಾಗವಿದೆ: ಸುತ್ತುತ್ತದೆಯೇ, ಪರದೆ ಇದೆಯೇ, ತಲೆಕೆಳಗಾಗುತ್ತದೆಯೇ, ಎಷ್ಟು ಸೆಕೆಂಡು. ಪಾರ್ಕಿನವರು ಇದನ್ನು ಬರೆಯಬೇಕೆಂದು ನಾವು ಕೇಳಬೇಕು. ಇನ್ನೂ ಮುಂದೆ ಹೋಗುವುದೂ ಸಾಧ್ಯ. ಎಪ್‌ಕಾಟಿನಲ್ಲಿ 2003ರಲ್ಲಿ ತೆರೆದ ಮಿಷನ್ ಸ್ಪೇಸ್ ಎಂಬ ರೈಡಿನಲ್ಲಿ ಜನರನ್ನು ಗರಗರ ತಿರುಗಿಸಿ ರಾಕೆಟ್ ಮೇಲೇರುವ ಭಾರವನ್ನು ಎದೆಗೆ ತಟ್ಟಿಸುತ್ತಾರೆ. ವಾಂತಿಚೀಲವನ್ನೂ ಒಳಗೇ ಇಟ್ಟಿದ್ದರು. 2006ರಲ್ಲಿ ಅದೇ ರೈಡಿನ ಒಂದು ಪಾಲನ್ನು ತಿರುಗದ ಹಾಗೆ ಮಾಡಿ ಹಸಿರು ಬಣ್ಣ ಕೊಟ್ಟರು, ತಿರುಗುವುದಕ್ಕೆ ಕಿತ್ತಳೆ. ಈಗ ಕಿತ್ತಳೆಯವರು ಮಂಗಳ ಗ್ರಹಕ್ಕೆ ಹೋಗುತ್ತಾರೆ, ಹಸಿರಿನವರು ಭೂಮಿಗೆ ಒಂದು ಪ್ರದಕ್ಷಿಣೆ ಹಾಕುತ್ತಾರೆ. ಮೊಮ್ಮಗಳು ಕಿತ್ತಳೆಯ ಬಾಗಿಲಲ್ಲಿ, ಅಜ್ಜಿ ಹಸಿರಿನ ಬಾಗಿಲಲ್ಲಿ ಒಂದೇ ಕಟ್ಟಡವನ್ನು ಹೊಕ್ಕು, ಹೊರಬಂದ ಮೇಲೆ ತಾವು ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳಬಹುದು.