ಸವಳು ಹೊಲಕ್ಕೆ ಮೊದಲು ಬಸಿಗಾಲುವೆ, ಆಮೇಲೆ ಗೊಬ್ಬರ

ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪ ಕಡೆ ಬೇಸಿಗೆಯಲ್ಲಿ ಓಡಾಡಿದವರಿಗೆ ಭತ್ತದ ಕೂಳೆಗಳ ನಡುವೆ ಬೆಳ್ಳಗೆ ಉಪ್ಪೊಡೆದ ತಗ್ಗುಗಳು ಹೊಸವೇನಲ್ಲ. ಕಾಲುವೆ ಬರುವ ಮುನ್ನ ಇದೇ ಎರೆ ಹೊಲಗಳಲ್ಲಿ ಬಿಳಿಜೋಳ, ಹತ್ತಿ, ಕಡಲೆ ಬೆಳೆಯುತ್ತಿದ್ದರು. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾದಾಗಲೂ ಅಚ್ಚುಕಟ್ಟಿನ ಬಹುಪಾಲಿಗೆ ಗೊತ್ತುಮಾಡಿದ್ದು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳನ್ನೇ. ಆದರೆ ಕಾಲುವೆಯ ಮೇಲ್ಭಾಗದವರು ಭತ್ತಕ್ಕೆ ತಿರುಗಿದರು. ಕೊನೆಯಂಚಿನವರಿಗೆ ನೀರು ತಲುಪಲಿಲ್ಲ, ಮೇಲಿನವರ ಹೊಲದಿಂದ ನೀರು ಬಸಿದು ಹೋಗಲಿಲ್ಲ. ಅಂತರ್ಜಲ ಮೇಲೇರಿತು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಬಿಸಿಲಿಗೆ ಒಣಗಿದ ಮಣ್ಣು ಆ ನೀರನ್ನು ಮೇಲಕ್ಕೆಳೆಯಿತು. ನೀರು ಆವಿಯಾಗಿ ಉಪ್ಪಷ್ಟೇ ಉಳಿಯಿತು. ಕೃಷ್ಣೆಯ ಬಗಲಿನ ಅಥಣಿ, ರಾಯಬಾಗ, ಜಮಖಂಡಿಗಳಲ್ಲಿ ಭತ್ತದ ಬದಲು ಕಬ್ಬು, ಉಳಿದ ಕಥೆ ಇದೇ.

ಇಂಥ ಹೊಲಕ್ಕೆ ಏನು ಹಾಕಬೇಕು ಎಂದು ಕೇಳುವ ಮುನ್ನ ಯಾವ ಉಪ್ಪು ಎಂದು ಕೇಳಬೇಕು. ಬಿಳಿ ಪೊರೆ ಕಟ್ಟುವ ಸವಳು ಒಂದು ಬಗೆ. ಇದರ ರಸಸಾರ ಸಾಮಾನ್ಯವಾಗಿ 8.5ರ ಒಳಗೇ ಇರುತ್ತದೆ, ಕರಗಿದ ಲವಣಗಳು ಮಾತ್ರ ವಿಪರೀತ. ಎರಡನೆಯದು ಕರಲು, ಅಂದರೆ ಕ್ಷಾರದ ಮಣ್ಣು. ಇಲ್ಲಿ ರಸಸಾರ 8.5 ದಾಟಿರುತ್ತದೆ; ಸೋಡಿಯಂ ಮಣ್ಣಿನ ಕಣಗಳಿಗೇ ಅಂಟಿಕೊಂಡು ಅವನ್ನು ಬಿಡಿಬಿಡಿ ಮಾಡಿರುತ್ತದೆ. ಹಸಿಯಿದ್ದಾಗ ಜಾರುತ್ತದೆ, ಒಣಗಿದರೆ ಕಲ್ಲಿನಷ್ಟು ಗಟ್ಟಿ. ಗಾಜಿನ ಲೋಟದಲ್ಲಿ ಹಿಡಿ ಮಣ್ಣು ಕದಡಿ ಇಡಿ. ಬೇಗ ತಿಳಿಯಾದರೆ ಸವಳು ಇರಬಹುದು, ಎಷ್ಟು ಹೊತ್ತಾದರೂ ರಾಡಿಯಾಗಿಯೇ ನಿಂತರೆ ಕ್ಷಾರದ ಗುಮಾನಿ ಮಾಡಬೇಕು. ಇದು ಸುಳಿವು ಮಾತ್ರ. ದುಡ್ಡು ಹಾಕುವ ಮುನ್ನ ಪ್ರಯೋಗಾಲಯದ ಪರೀಕ್ಷೆ ಬೇಕೇ ಬೇಕು.

ಜಿಪ್ಸಂ ಕೆಲಸ ಮಾಡುವುದು ಈ ಎರಡನೆಯ ಬಗೆಯ ಮಣ್ಣಿನಲ್ಲಿ. ನೆಲದಿಂದ ಅಗೆದು ತೆಗೆಯುವ ಈ ಖನಿಜದಲ್ಲಿರುವ ಕ್ಯಾಲ್ಸಿಯಂ ಸೋಡಿಯಂ ಅನ್ನು ಕಣಗಳಿಂದ ಬಿಡಿಸಿ ತಾನು ಆ ಜಾಗದಲ್ಲಿ ಕೂರುತ್ತದೆ. ಬಿಡುಗಡೆಯಾದ ಸೋಡಿಯಂ ನೀರಿನಲ್ಲಿ ಕರಗುವ ಸಲ್ಫೇಟ್ ಆಗುತ್ತದೆ. ಹೊಲ ಸಮ ಮಾಡಿ, ಬದು ಕಟ್ಟಿ, ಪುಡಿಯನ್ನು ಮೇಲಿನ 10 ಸೆಂ.ಮೀ. ಮಣ್ಣಿನಲ್ಲಿ ಬೆರೆಸಿ, ಹತ್ತು ಹದಿನೈದು ದಿನ ನೀರು ನಿಲ್ಲಿಸಿ ಬಸಿದು ಬಿಡಬೇಕು. ಎಷ್ಟು ಹಾಕಬೇಕೆಂಬುದನ್ನು ನಿಮ್ಮ ಹೊಲದ ಮಣ್ಣಿನ ಪರೀಕ್ಷೆಯೇ ಹೇಳಬೇಕು. ಪಕ್ಕದವರ ಲೆಕ್ಕ ನಿಮಗೆ ಹೊಂದುವುದಿಲ್ಲ.

ನನಗೆ ಹೆಚ್ಚು ಭರವಸೆ ಇರುವುದು ಡಯಾಂಚದ ಮೇಲೆ. ಉಪ್ಪನ್ನೂ ನಿಂತ ನೀರನ್ನೂ ತಾಳಿಕೊಳ್ಳುವ ಹಸಿರೆಲೆ ಗೊಬ್ಬರ ಇಷ್ಟು ಅಗ್ಗಕ್ಕೆ ಇನ್ನೊಂದಿಲ್ಲ. ಎಕರೆಗೆ 20ರಿಂದ 25 ಕೆ.ಜಿ. ಬೀಜ ಚೆಲ್ಲಿ, ಸುಮಾರು 45 ದಿನಕ್ಕೆ, ಹೂ ಬಿಡುವ ಹೊತ್ತಿನಲ್ಲಿ ಮಣ್ಣಿಗೆ ಸೇರಿಸಿ ಉಳುಮೆ ಮಾಡಬೇಕು. ಬೇರುಗಳು ಗಟ್ಟಿ ನೆಲದಲ್ಲಿ ದಾರಿ ಕೊರೆಯುತ್ತವೆ, ಸಾರಜನಕವೂ ಸೇರುತ್ತದೆ. ಮುಖ್ಯ ಲಾಭ ಬೇರೆ ಇದೆ: ಸೊಪ್ಪು ಕೊಳೆಯುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಬೆರೆತು ಸೌಮ್ಯ ಆಮ್ಲವಾಗುತ್ತದೆ. ನಮ್ಮ ಎರೆ ನೆಲದಲ್ಲಿ ಸುಣ್ಣದ ಹರಳು ಹೇರಳ. ಆ ಆಮ್ಲ ಸುಣ್ಣವನ್ನು ಕರಗಿಸುತ್ತದೆ, ಕ್ಯಾಲ್ಸಿಯಂ ಹೊಲದೊಳಗಿಂದಲೇ ಸಿಗುತ್ತದೆ. ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಸಹ ಈ ದಾರಿಯಲ್ಲೇ ನೆರವಾಗುತ್ತವೆ. ಕ್ಷಾರದ ಹೊಲಕ್ಕೆ ಒಲೆ ಬೂದಿ ಮಾತ್ರ ಬೇಡ, ಅದೂ ಕ್ಷಾರವೇ. ಸುಣ್ಣ ತಂದು ಹರಡುವುದೂ ವ್ಯರ್ಥ, ಆ ರಸಸಾರದಲ್ಲಿ ಅದು ಕರಗುವುದೇ ಇಲ್ಲ.

ಇನ್ನು ಬರೀ ಸವಳಿದ್ದರೆ ಜಿಪ್ಸಂ ಹಾಕಿ ಪ್ರಯೋಜನವಿಲ್ಲ. ಅಲ್ಲಿರುವ ಉಪ್ಪನ್ನು ಒಳ್ಳೆಯ ನೀರಿನಿಂದ ತೊಳೆದು ಕೆಳಕ್ಕಿಳಿಸಬೇಕು, ಹೊಲದಿಂದಾಚೆ ಕಳಿಸಬೇಕು. ಡಯಾಂಚ, ಗೊಬ್ಬರಗಳು ಮಣ್ಣನ್ನು ಸಡಿಲಿಸಿ ಆ ಕೆಲಸಕ್ಕೆ ಸಹಾಯ ಮಾಡಬಲ್ಲವೇ ಹೊರತು ಉಪ್ಪನ್ನು ಮಾಯ ಮಾಡಲಾರವು. ಯಾವ ಚೀಲದಲ್ಲಿ ಯಾವ ಮಾರಾಟಗಾರ ಏನು ತುಂಬಿಸಿಟ್ಟರೂ ಈ ಮಾತು ಬದಲಾಗದು.

ಎರಡೂ ಬಗೆಯಲ್ಲಿ ಕೊನೆಗೆ ಬೇಕಾಗುವುದು ನೀರು ಹೋಗುವ ದಾರಿ. ಕಾಲುವೆ ತಂದ ನಾವು ಬಸಿಗಾಲುವೆಗಳನ್ನು ಮರೆತೆವು. ಇದ್ದವು ಆಪು ಬೆಳೆದು, ಹೂಳು ತುಂಬಿ, ಕೆಲವೆಡೆ ಒತ್ತುವರಿಯಾಗಿ ಮುಚ್ಚಿವೆ. ನೆಲದಡಿ ರಂಧ್ರದ ಪೈಪು ಹಾಕುವ ವ್ಯವಸ್ಥೆಯೂ ಇದೆ, ಅದರ ಖರ್ಚು ಒಬ್ಬ ಸಣ್ಣ ರೈತನ ಕೈಗೆಟಕುವಂಥದ್ದಲ್ಲ. ಪೈಪಿನ ನೀರಿಗೂ ಕೊನೆಗೆ ಬೇಕಾಗುವುದು ಅದೇ ಬಸಿಗಾಲುವೆ. ನನ್ನ ಹೊಲದ ಉಪ್ಪು ನಿಮ್ಮ ಹೊಲಕ್ಕೆ ಇಳಿದರೆ ಯಾರಿಗೂ ಸುಖವಿಲ್ಲ, ಆದ್ದರಿಂದ ಇದು ಇಡೀ ಹಳ್ಳದ ಪಾತ್ರದ ರೈತರು ಸೇರಿ ಮಾಡುವ ಕೆಲಸ. ನೀರಾವರಿ ಇಲಾಖೆಯನ್ನು ಹಿಡಿದು ಕೇಳುವುದೂ ಒಟ್ಟಾಗಿಯೇ ಆಗಬೇಕು.

ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಉಪ್ಪು ಮಣ್ಣಿನ ಬಗ್ಗೆಯೇ ವರ್ಷಗಳಿಂದ ಸಂಶೋಧನೆ ನಡೆದಿದೆ. ಕಾಲುವೆ ಬಂದ್ ಇರುವ ಈ ಬೇಸಿಗೆಯಲ್ಲಿ ಅಲ್ಲಿಗೆ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಮಣ್ಣು ಒಯ್ದು ತೋರಿಸಿ. ಅಕ್ಕಪಕ್ಕದವರನ್ನು ಕೂಡಿಸಿಕೊಂಡು ಬಸಿಗಾಲುವೆಯ ಹೂಳು ತೆಗೆಸಿ. ಕಾಲುವೆಗೆ ನೀರು ಬಿಟ್ಟ ಮೇಲೆ ಈ ಎರಡು ಕೆಲಸವೂ ಇನ್ನೊಂದು ವರ್ಷ ಹಿಂದೆ ಬೀಳುತ್ತವೆ.